ಸರಪಳಿಯ ಇನ್ನೊಂದು ತುದಿ

ನಮ್ಮ ಕಡೆ ಚಿಟ್ಟಾ, ಅಂದರೆ ಹೆರಾಯಿನ್, ಚುಚ್ಚಿಕೊಳ್ಳುವ ಮಗನನ್ನು ಮನೆಯವರು ಮಂಚಕ್ಕೆ ಸರಪಳಿ ಹಾಕಿ ಕಟ್ಟುತ್ತಾರೆ. ನನ್ನನ್ನೂ ಅಪ್ಪ ಕಟ್ಟಿದ್ದ, ಎಮ್ಮೆಯ ಸರಪಳಿಯಲ್ಲೇ. ಆ ಬಿಳಿ ಪುಡಿ ಬಿಟ್ಟು ಆರು ವರ್ಷವಾಯಿತು. ಈಗ ಇಂಥ ಹುಡುಗರನ್ನು ಕಾಯಲು ಯಾರಾದರೂ ಕರೆದರೆ ಹೋಗುತ್ತೇನೆ. ನನ್ನದೊಂದೇ ಷರತ್ತು: ಸರಪಳಿಯ ಒಂದು ತುದಿ ಹುಡುಗನ ಕಾಲಿಗೆ, ಇನ್ನೊಂದು ನನ್ನ ಕಾಲಿಗೆ, ಬೀಗದ ಕೈ ಅವನ ತಾಯಿಯ ಹತ್ತಿರ. ಮಂಚಕ್ಕೆ ಕಟ್ಟಿದರೆ ಮಂಚವನ್ನೇ ಎಳೆದುಕೊಂಡು ಓಡುತ್ತಾರೆ. ನಾನು ತೊಂಬತ್ತು ಕಿಲೋ ಇದ್ದೇನೆ.

ನಸೀಬ್ ಕೌರ್ ದೊಡ್ಡ ಮಗನನ್ನು ಇದೇ ಪುಡಿಗೆ ಕಳೆದುಕೊಂಡವಳು. ಸತ್ತಾಗ ಸೂಜಿ ಇನ್ನೂ ತೋಳಿನಲ್ಲೇ ಇತ್ತಂತೆ. ಉಳಿದವನು ಹರ್ನೇಕ್. ಸೋಮವಾರ ಆಸ್ಪತ್ರೆಯಲ್ಲಿ ಹಾಸಿಗೆ ಕೊಡುತ್ತೇವೆ ಎಂದಿದ್ದರು. ನಾನು ಹೋದದ್ದು ಗುರುವಾರ. ನಾಲ್ಕು ದಿನ ಹಿಡಿದಿಟ್ಟರೆ ಬದುಕುತ್ತಾನೆ, ಬಿಟ್ಟರೆ ಅಣ್ಣನ ದಾರಿಯೇ.

ಮೊದಲ ದಿನ ಬರೀ ಬೈಗುಳ. ಎರಡನೇ ದಿನ ನನ್ನ ತೋಳಿನ ಮಾಂಸ ಕಿತ್ತುಬರುವಂತೆ ಕಚ್ಚಿದ. ಶನಿವಾರ ಬೆಳಿಗ್ಗೆ ಅಂಗಳದ ಇಟ್ಟಿಗೆ ಎತ್ತಿ ಹುಬ್ಬಿಗೆ ಹೊಡೆದ. ರಕ್ತ ಗಡ್ಡಕ್ಕಿಳಿಯಿತು. ನಾನೇನು ಸಂತನಲ್ಲ, ಕಪಾಳಕ್ಕೆ ಎರಡು ಬಿಗಿದೆ.

"ಹೊಡಿ, ಇನ್ನೊಂದು ಹೊಡಿ," ಅಂದ. "ದೊಡ್ಡ ಸಾಧು ಬಂದ್ಬಿಟ್ಟ. ಹೆತ್ತಮ್ಮನ ಬಳೆ ಕದ್ದು ಮಾರ್ದೋನು."

"ಬಳೆ ಅಲ್ವೋ, ಎಮ್ಮೆ. ಅದೂ ಹಾಲು ಕೊಡ್ತಿದ್ದ ಎಮ್ಮೆ."

ಅವನಿಗೆ ನಗು ಬಂತು. ನಗುತ್ತಲೇ ವಾಂತಿ ಮಾಡಿಕೊಂಡ.

ಮಧ್ಯಾಹ್ನ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. ನಾನು ಅವನನ್ನು ನೆಲಕ್ಕೆ ಕೆಡವಿ ಒತ್ತಿ ಹಿಡಿದಿದ್ದಾಗ ನಸೀಬ್ ಕೌರ್ ಹೊರಗಿನಿಂದ ಬಂದಳು. ದುಪಟ್ಟಾದ ತುದಿಯ ಗಂಟು ಬಿಚ್ಚಿ, ಸಣ್ಣ ಪೊಟ್ಟಣವೊಂದನ್ನು ನಮ್ಮ ಮುಂದೆ ಇಟ್ಟಳು.

"ಚೂರೇ ಚೂರು ಕೊಡಪ್ಪಾ," ಅಂದಳು. "ಇವ್ನೂ ಸತ್ತೋಗ್ತಾನೆ. ನನ್ಕೈಲಿ ನೋಡಕ್ಕಾಗಲ್ಲ."

ಹರ್ನೇಕ್ ನುಗ್ಗಿದ. ಅವನಿಗಿಂತ ಮೊದಲು ನಾನು ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದೆ. ಅವನು ಮುಖಕ್ಕೆ ಗುದ್ದಿದ, ಗಡ್ಡ ಕಿತ್ತ, ಹೊಟ್ಟೆಗೆ ಒದ್ದ. ನಾನು ಬಿಡಲಿಲ್ಲ. ಚರಂಡಿ ಎರಡೇ ಮಾರು ದೂರದಲ್ಲಿತ್ತು, ಎಸೆದಿದ್ದರೆ ಮುಗಿದುಹೋಗುತ್ತಿತ್ತು. ಎಸೆಯಲಿಲ್ಲ. ನನ್ನ ಬಾಯಲ್ಲಿ ನೀರೂರಿತ್ತು. ಈ ಹೆಂಗಸು ಬೀಗ ತೆಗೆದರೆ ಸಾಕು, ಇದನ್ನು ತೆಗೆದುಕೊಂಡು ಹೋಗಿಬಿಡುತ್ತೇನೆ ಎಂದು ಯೋಚಿಸಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಯೋಚಿಸಿದ್ದು ನಿಜ.

ಹರ್ನೇಕ್ ಹೊಡೆಯುವುದನ್ನು ನಿಲ್ಲಿಸಿ ನನ್ನ ಕಣ್ಣನ್ನೇ ನೋಡಿದ.

"ಪಾಜಿ, ಅಣ್ಣಾ, ನಿಂಗೂ ಬೇಕಾ?"

"ಹೂಂ."

"ಆರು ವರ್ಷ ಆದ್ಮೇಲೂ?"

"ಹೂಂ. ಈ ಮುಷ್ಟಿ ಬಿಡ್ಸೋ. ನನ್ಕೈಲಿ ಆಗ್ತಿಲ್ಲ."

ಅವನು ಇಟ್ಟಿಗೆ ಎತ್ತಿಕೊಂಡ. ನನ್ನ ಮುಷ್ಟಿಯನ್ನು ನೆಲಕ್ಕೊತ್ತಿ ಚಚ್ಚಿದ. ಮೂರನೇ ಏಟಿಗೆ ಎರಡು ಬೆರಳು ಮುರಿದವು, ಕೈ ತೆರೆದುಕೊಂಡಿತು. ಪೊಟ್ಟಣ ಎತ್ತಿಕೊಂಡ. ಮುಗಿಯಿತು, ಬಾಯಿಗೆ ಹಾಕಿಕೊಳ್ಳುತ್ತಾನೆ ಅಂದುಕೊಂಡೆ. ಅದನ್ನು ಹರಿದು ಚರಂಡಿಗೆ ಎಸೆದ.

ಎಸೆದ ಮರುಕ್ಷಣವೇ ಊಳಿಡುತ್ತ ಆ ಕೊಚ್ಚೆಯತ್ತ ಹಾರಿದ. ಅವನನ್ನು ತಡೆಯಲು ನಾನು ಭಾರವೆಲ್ಲ ಹಾಕಿ ಹಿಂದಕ್ಕೆ ಅಂಗಾತ ಬಿದ್ದೆ. ಸರಪಳಿ ಬಿಗಿಯಿತು, ನನ್ನ ಕಾಲಿನ ಚರ್ಮ ಸುಲಿದುಹೋಯಿತು. ಅವನ ಬೆರಳಿಗೂ ಚರಂಡಿಗೂ ನಡುವೆ ಒಂದು ಗೇಣು ಉಳಿಯಿತು.

"ಬೀಜಿ," ಅಂದೆ ನಸೀಬ್ ಕೌರಳಿಗೆ, "ಬೀಗದ ಕೈ ತಗೊಂಡು ಗುರುದ್ವಾರಕ್ಕೆ ಹೋಗಿ ಅಲ್ಲಿನ ಅಡುಗೆಮನೇಲಿ ರೊಟ್ಟಿ ಲಟ್ಟಿಸ್ತಾ ಕೂತ್ಕೊಳ್ಳಿ. ಸೋಮವಾರ ಬನ್ನಿ. ಇವ್ನು ಕೂಗಿದ್ರೂ ಬರ್ಬೇಡಿ, ನಾನು ಕೂಗಿದ್ರೂ ಬರ್ಬೇಡಿ."

ಅವಳು ಅಳುತ್ತಲೇ ಹೋದಳು. ಸೋಮವಾರವೇ ಬಂದಳು.

ಆಸ್ಪತ್ರೆಯಿಂದ ಗುಣವಾಗಿ ಬಂದ ಹರ್ನೇಕ್ ಕೂಡ ಈಗ ಕರೆದವರ ಮನೆಗೆ ಹೋಗುತ್ತಾನೆ. ಹೊರಡುವ ಮೊದಲು ನನ್ನ ಸೊಟ್ಟ ಬೆರಳುಗಳನ್ನು ಹಿಡಿದು, "ಇವತ್ತು ಹೆಂಗಿದೆ ಪಾಜಿ?" ಎಂದು ಕೇಳುತ್ತಾನೆ. ಬೇಕು ಅನ್ನಿಸಿದ ದಿನ ಮುಚ್ಚಿಡದೆ ಹೇಳುತ್ತೇನೆ. ಅಂಥ ದಿನ ಅವನು ಎಲ್ಲಿಗೂ ಹೋಗುವುದಿಲ್ಲ. ಸರಪಳಿ ತಂದು ಒಂದು ತುದಿಯನ್ನು ನನ್ನ ಕಾಲಿಗೆ ಕಟ್ಟಿ, ಇನ್ನೊಂದನ್ನು ತನ್ನ ಕಾಲಿಗೆ ಕಟ್ಟಿಕೊಂಡು ಪಕ್ಕದಲ್ಲಿ ಕೂರುತ್ತಾನೆ.