ಅಡಿವೆವ್ವನ ಪಟ

ಮುದಕವ್ವ ಬಾಗಿಲ ಬೆಳಕಿಗೆ ಮುಖ ಕೊಟ್ಟು ಕುಳಿತಿದ್ದಳು. ನಗಬಾರದೆಂದು ಚಿತ್ರ ಬರೆಯುತ್ತಿದ್ದ ಪರಮೇಶಪ್ಪ ಹೇಳಿದಷ್ಟೂ ಅವಳಿಗೆ ನಗು ಬರುತ್ತಿತ್ತು. ನಕ್ಕರೆ ಮೂಗು ಅಗಲವಾಗುತ್ತಿತ್ತು. ಅವನಿಗೆ ಬೇಕಾಗಿದ್ದುದು ಆ ಮೂಗು ಮಾತ್ರ.

"ಹುಟ್ಟಿದಾಗಿಂದ ಈ ಮೂಗಿನ ಸಲುವಾಗಿ ಮಂದಿ ಕಡಿಂದ ಅನಿಸಿಕೊಂಡೇನಿ," ಎಂದಳು. "ಇವತ್ತ ಇದಕ್ಕೂ ಮರ್ಯಾದಿ ಬಂತು ನೋಡ್ರಿ."

ಒಳಗಿದ್ದ ಕರೆವ್ವ ನಗಲಿಲ್ಲ. ಅವಳ ಸರದಿ ಬೆಳಿಗ್ಗೆಯೇ ಮುಗಿದಿತ್ತು. ತಾಯಿಯ ಕಣ್ಣುಗಳೇ ಅವಳಿಗೆ ಬಂದಿವೆಯೆಂದು ಊರವರೆಲ್ಲ ಹೇಳುತ್ತಿದ್ದುದರಿಂದ ಅವಳನ್ನು ಕೂಡಿಸಿ ಕಣ್ಣು ಬರೆದುಕೊಂಡಾಗಿತ್ತು. ಈಗ ಅವ್ವನ ತಂಗಿ, ಚಿಗವ್ವ ಮುದಕವ್ವನ ಮೂಗು. ಹಣೆ, ಗದ್ದ, ತುಟಿಗಳನ್ನು ಅವರಿವರ ಮಾತು ಕೇಳಿ ತುಂಬಬೇಕು.

ಕರೆವ್ವನ ತಾಯಿ ಅಡಿವೆವ್ವ ತೀರಿಕೊಂಡದ್ದು ಹೋದ ಬೇಸಿಗೆಯಲ್ಲಿ. ಬದುಕಿದ್ದಾಗ ಅವಳು ಫೋಟೊ ತೆಗೆಸಿಕೊಂಡವಳಲ್ಲ. ಹಾನಗಲ್ಲಿನ ಪೇಟೆಯಲ್ಲಿ ಒಮ್ಮೆ ಗಂಡ ಕೇಳಿದಾಗ, ಆ ಪೆಟ್ಟಿಗೆಯೊಳಗೆ ಮುಖ ಹೊಕ್ಕರೆ ಆಯುಷ್ಯ ಕಡಿಮೆಯಾಗುತ್ತದೆಂದು ಸೆರಗು ಎಳೆದುಕೊಂಡು ಮುಂದೆ ನಡೆದುಬಿಟ್ಟಿದ್ದಳು. ಬರುವ ಮಾನೌಮಿ ಅಮಾವಾಸ್ಯೆಗೆ ಹಿರಿಯರ ಹಬ್ಬ. ಸತ್ತವರಿಗೆ ಎಡೆ ಇಡುವ ದಿನ. ಜಗಲಿಯ ಮೇಲೆ ಬರಿಯ ಸೀರೆ ಕುಪ್ಪಸ ಇಟ್ಟು ಕೈ ಮುಗಿಯಲು ಕರೆವ್ವನಿಗೆ ಮನಸ್ಸಿರಲಿಲ್ಲ. ಅವ್ವನ ಮುಖ ಬೇಕು ಎಂದು ಹಟ ಹಿಡಿದಿದ್ದಳು. ಹಾಗಾಗಿ ಹಾನಗಲ್ಲಿನಿಂದ ಪಟ ಬರೆಯುವ ಪರಮೇಶಪ್ಪನನ್ನು ಅಕ್ಕಿಆಲೂರಿಗೆ ಕರೆಸಿದ್ದರು.

ಅಡಿವೆವ್ವನ ಗಂಡ ಗುತ್ತೆಪ್ಪ ಕಂಬಕ್ಕೆ ಒರಗಿ ಕುಳಿತಿದ್ದ. ಎಲ್ಲರಿಗಿಂತ ಹೆಚ್ಚು ಹೇಳಬೇಕಾದವನು ಅವನೇ. ಆದರೆ ಅವನಿಂದ ಪರಮೇಶಪ್ಪನಿಗೆ ಉಪಯೋಗಕ್ಕೆ ಬರುವ ಮಾತು ಒಂದೂ ಸಿಗಲಿಲ್ಲ. ಹಣೆ ಅಗಲವಿತ್ತೋ ಕಿರಿದಿತ್ತೋ ಎಂದು ಕೇಳಿದರೆ, ರೊಟ್ಟಿ ಬಡಿಯುವಾಗ ಬೆವರು ಹುಬ್ಬಿನ ಮೇಲೆ ಬಂದು ನಿಲ್ಲುತ್ತಿತ್ತು, ಕೈ ಹಿಟ್ಟಾಗಿರುತ್ತಿದ್ದುದರಿಂದ ಹೆಗಲ ಸೆರಗಿಗೇ ಹಣೆ ಒರೆಸಿಕೊಳ್ಳುತ್ತಿದ್ದಳು ಎಂದ. ತುಟಿ ಹೇಗಿದ್ದವು ಎಂದರೆ, ಸಿಟ್ಟು ಬಂದಾಗ ಮಾತಾಡುತ್ತಿರಲಿಲ್ಲ ಎಂದ. ಬಳೆ ಮಾರುವ ಮಾಬೂಬಿ ಬುಟ್ಟಿ ಇಳಿಸಿ ಇದನ್ನೆಲ್ಲ ಕೇಳುತ್ತ ನಿಂತಿದ್ದಳು. ಅವಳನ್ನೂ ಕೇಳಿದ್ದಾಯಿತು.

"ಕೈ ಕೇಳ್ರಿ, ಹೇಳ್ತೇನಿ," ಎಂದಳು ಮಾಬೂಬಿ. "ಬಳಿ ಇಡಿಸೂ ಮುಂದ ಮುಖ ಯಾರ್ ನೋಡ್ತಾರ್ರಿ?"

ಪರಮೇಶಪ್ಪ ಮುಂಬಯಿಯಲ್ಲಿ ಚಿತ್ರಕಲೆ ಕಲಿತು ಬಂದವನು. ಮುಂದೆ ಅವನ ಚಿತ್ರಗಳು ದೊಡ್ಡ ದೊಡ್ಡ ಊರುಗಳ ಗೋಡೆ ಏರಿದವು. ಅವನ್ನು ನೋಡಿ ಕುಂಚ ಹಿಡಿದವರು ಬಹಳ ಮಂದಿ. ಆಗ ಮಾತ್ರ ಅವನು ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆಯಲ್ಲಿ ಕುಳಿತು ಅಕ್ಕಿ ಗಿರಣಿಗಳ ಬೋರ್ಡು ಬರೆಯುತ್ತಿದ್ದ. ಸತ್ತವರ ಸಣ್ಣ ಫೋಟೊ ನೋಡಿ ದೊಡ್ಡ ಪಟ ಮಾಡಿಕೊಡುತ್ತಿದ್ದ. ಜೊತೆಯಲ್ಲಿ ಕಲಿತವರು ಮುಂಬಯಿಯಲ್ಲೇ ನಿಂತು ಮೂಗಿಲ್ಲದ, ಬಾಯಿಲ್ಲದ ಮನುಷ್ಯರನ್ನು ಬರೆಯತೊಡಗಿದ್ದರು. ಅವರ ಪ್ರದರ್ಶನವೊಂದರಲ್ಲಿ ಒಂದು ಚಿತ್ರದ ಮುಂದೆ ಅವನು ಬಹಳ ಹೊತ್ತು ನಿಂತಿದ್ದ. ಏನೂ ತಿಳಿಯಲಿಲ್ಲ. ದೇವರು ಕೊಟ್ಟ ಮುಖವನ್ನು ಹೀಗೆ ಹಾಳು ಮಾಡುವುದೇಕೆ ಎಂದು ಅದನ್ನು ಬರೆದ ಗೆಳೆಯನೊಡನೆ ಜಗಳಾಡಿ, ಅದೇ ವಾರ ಗಂಟು ಕಟ್ಟಿಕೊಂಡು ಊರಿಗೆ ಬಂದಿದ್ದ. ಇದ್ದವರನ್ನು ಇದ್ದ ಹಾಗೆ ಬರೆಯಬೇಕು ಎಂಬುದು ಅವನ ನಂಬಿಕೆ.

ಪಟ ಮುಗಿಸಿ ಅವನು ಅಕ್ಕಿಆಲೂರಿಗೆ ತಂದ ದಿನ ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಸೇರಿದ್ದರು. ಬಟ್ಟೆ ಸರಿಸಿದೊಡನೆ ಕರೆವ್ವ "ಯವ್ವಾ" ಎಂದವಳು ಅಲ್ಲಿಯೇ ಕುಸಿದು ಕುಳಿತು ಅತ್ತಳು. ಮುದಕವ್ವ ತನ್ನ ಮೂಗನ್ನೇ ಮುಟ್ಟಿ ನೋಡಿಕೊಂಡು, ಅಕ್ಕ ಎದ್ದು ಬಂದಂತಿದೆ ಎಂದಳು. ಥೇಟ್ ಅಡಿವೆವ್ವ, ಮಾತಾಡುವುದೊಂದು ಬಾಕಿ ಎಂದು ಎಲ್ಲರೂ ಒಪ್ಪಿದರು. ಗುತ್ತೆಪ್ಪ ಪಟದ ಮುಂದೆ ಬಂದು ನಿಂತ. ಎಲ್ಲರ ಮುಖಗಳನ್ನೂ ಒಮ್ಮೆ ನೋಡಿದ. ತನಗೆ ಮಾತ್ರ ಕಾಣದಿರುವುದು ಇವರಿಗೆಲ್ಲ ಕಾಣುತ್ತಿದೆಯೇ ಎಂಬ ಹಾಗಿತ್ತು ಅವನ ನೋಟ. ಹೂಂ ಎಂದು ಹೇಳಿ ಎತ್ತುಗಳಿಗೆ ನೀರು ಕುಡಿಸಲು ಹೋದ.

ಹಬ್ಬಕ್ಕೆ ಕೆಲವು ದಿನ ಉಳಿದಿರುವಾಗ ಅವನು ಒಬ್ಬನೇ ಬಸ್ಸಿನಲ್ಲಿ ಹಾನಗಲ್ಲಿಗೆ ಬಂದ. ಪಟವನ್ನು ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದ. ಬಣ್ಣ ಬಿಟ್ಟಿದೆಯೇನೋ ಎಂದು ಪರಮೇಶಪ್ಪ ಗಾಬರಿಯಿಂದ ಎದ್ದು ಬಂದು ಕೇಳಿದ.

"ಬಣ್ಣ ಚಲೋ ಐತ್ರಿ," ಎಂದ ಗುತ್ತೆಪ್ಪ. "ಇದನ್ನ ಅಳಿಸಬೇಕು."

ಪರಮೇಶಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಯಾವ ಜಾಗ ತಪ್ಪಿದೆ ಹೇಳಿರಿ, ತಿದ್ದುತ್ತೇನೆ ಎಂದ. ಗುತ್ತೆಪ್ಪ ನೆಲದ ಮೇಲೆ ಕುಳಿತು ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಎಲ್ಲಿ ತಪ್ಪಿದೆಯೆಂದು ತನಗೂ ತಿಳಿಯದು ಎಂದ. ಮಗಳು ಸರಿ ಎನ್ನುತ್ತಾಳೆ, ಊರು ಸರಿ ಎನ್ನುತ್ತದೆ, ತಪ್ಪು ತನ್ನಲ್ಲಿಯೇ ಇರಬಹುದು ಎಂದ.

"ದಿನಾ ಪೂಜಿಗೆ ಕುಂತಾಗ ಕಣ್ಣು ಮುಚ್ಚತಿದ್ದೆ. ಆಕಿ ಬರ್ತಿದ್ಲು. ಈಗ ಕಣ್ಣು ಮುಚ್ಚಿದ್ರ ಈ ಪಟ ಬರ್ತೈತಿ. ಆಕಿ ಬರೂದು ನಿಂತೈತ್ರಿ."

ಪರಮೇಶಪ್ಪ ಸೀರೆ ಬಿಚ್ಚಿ ಪಟ ಹೊರತೆಗೆದ.

"ಶಿವಾ ಕೊಟ್ಟಿದ್ದ, ಶಿವಾ ಒಯ್ದ. ನೆನಪು ಒಂದನ್ನ ನನಗಂತ ಬಿಟ್ಟಿದ್ದ. ಅದನ್ನ ನೀವು ಒಯ್ದ್ರಲ್ಲ ಪರಮೇಶಪ್ಪಾರ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಪರಮೇಶಪ್ಪ ಉತ್ತರ ಕೊಡುತ್ತಿದ್ದ. ಅವನು ಪಟವನ್ನು ಕಿಟಕಿಯ ಬಳಿ ನಿಲ್ಲಿಸಿ ಮತ್ತೆ ನೋಡಿದ. ಕಣ್ಣು ಸರಿಯಾಗಿದ್ದವು, ಮೂಗು ಸರಿಯಾಗಿತ್ತು. ಒಂದಕ್ಕೊಂದು ಹೊಂದಿಕೊಂಡೂ ಇದ್ದವು. ಆದರೂ ಮುದುಕನನ್ನು ಹಾಗೆಯೇ ಕಳಿಸಲು ಮನಸ್ಸು ಬರಲಿಲ್ಲ. ಕುಂಚ ತೆಗೆದುಕೊಂಡು ತುಟಿಯನ್ನು ಕೊಂಚ ಬಿಗಿಮಾಡಿದ. ಗುತ್ತೆಪ್ಪ ತಲೆಯಲ್ಲಾಡಿಸಿದ. ಪರಮೇಶಪ್ಪ ಪಟದ ಕಣ್ಣಿನ ರೆಪ್ಪೆ ಇಳಿಸಿದ. ಅದೂ ಅಲ್ಲ. ಗದ್ದ ಸಣ್ಣದು ಮಾಡಿದರೆ ಯಾರೋ ಬೇರೆಯವರು ಬಂದು ಕುಳಿತಂತಾಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಟದಲ್ಲಿದ್ದವಳು ಕರೆವ್ವನೂ ಅಲ್ಲ, ಮುದಕವ್ವನೂ ಅಲ್ಲ, ಯಾರ ಮನೆಯವಳೂ ಅಲ್ಲ.

ಬೇಸತ್ತು ಪರಮೇಶಪ್ಪ ಅರಿವೆಯನ್ನು ಟರ್ಪಂಟೈನಿನಲ್ಲಿ ಅದ್ದಿ, ಹೊಸದಾಗಿ ಶುರು ಮಾಡೋಣವೆಂದು ಮುಖವನ್ನೆಲ್ಲ ಒರೆಸಿದ. ಬಣ್ಣ ಪೂರ್ತಿ ಒಣಗಿರಲಿಲ್ಲ. ಕಣ್ಣಿನ ಕಪ್ಪು ಕೆನ್ನೆಗೆ ಇಳಿಯಿತು. ಕೆನ್ನೆಯ ಗೋದಿಬಣ್ಣ ಹಿಂದಿನ ಮಬ್ಬಿನಲ್ಲಿ ಬೆರೆಯಿತು. ಸೆರಗಿನ ಅಂಚು, ಹೆಗಲು, ಕುಪ್ಪಸದ ತೋಳು ಇಷ್ಟು ಉಳಿದು, ನಡುವೆ ಹೊಗೆ ಆಡಿದಂತೆ ಒಂದು ಕಲೆ ನಿಂತಿತು. ಅವನು ಮತ್ತೊಮ್ಮೆ ಅರಿವೆ ಎತ್ತಿದಾಗ ಗುತ್ತೆಪ್ಪ ಅವನ ಕೈ ಹಿಡಿದ.

"ಅವ್ರು ಬಂದ್ರೇನ ಕಾಕಾ?" ಎಂದು ಪರಮೇಶಪ್ಪ ಕೇಳಿದ.

"ಬಂದಿಲ್ಲ." ಮುದುಕ ಬಹಳ ಹೊತ್ತು ನೋಡಿದ. "ಆದ್ರ ಆ ಪಟದಾಕಿ ಹೋದ್ಲು. ಇಷ್ಟಕ್ಕ ಬಿಡ್ರಿ."

ಸೀರೆಯಲ್ಲಿ ಸುತ್ತಿದರೆ ಹಸಿಬಣ್ಣ ಅಂಟುತ್ತದೆಂದು ಅವನು ಪಟವನ್ನು ಹಾಗೆಯೇ ಎರಡೂ ಕೈಯಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದ. ಕಂಡಕ್ಟರು ಅದೇನೆಂದು ಕೇಳಿದ್ದು, ಗುತ್ತೆಪ್ಪ ನನ್ನ ಹೆಂಡತಿ ಎಂದದ್ದು ಕಳಿಸಲು ಬಸ್ಸಿನ ಬಾಗಿಲವರೆಗೆ ಬಂದಿದ್ದ ಪರಮೇಶಪ್ಪನಿಗೆ ಕೇಳಿಸಿತು. ಅಂದು ಅವನಿಗೆ ಬೇರೆ ಕೆಲಸ ಸಾಗಲಿಲ್ಲ. ಮುಂಬಯಿಯ ಆ ಚಿತ್ರ ನೆನಪಾಯಿತು. ಅದನ್ನು ಬರೆದ ಗೆಳೆಯನೂ ಚಿತ್ರದಲ್ಲಿ ಬಂದು ಕುಳಿತ ಯಾರನ್ನಾದರೂ ಹೊರಗೆ ಕಳಿಸಲು ಹೀಗೆ ಒರೆಸಿದ್ದನೋ, ಇಲ್ಲ ಬರೆಯಲು ಬಾರದೆ ಒರೆಸಿದ್ದನೋ, ಒಂದೂ ಬಗೆಹರಿಯಲಿಲ್ಲ. ತಾನು ಈಗ ಮಾಡಿದ್ದು ಪುಣ್ಯವೋ ಪಾಪವೋ ಅದೂ ತಿಳಿಯಲಿಲ್ಲ.

ಮರುದಿನ ಕರೆವ್ವ ಬಂದಳು. ಬಿಸಿಲಲ್ಲಿ ಬಂದವಳಿಗೆ ಅವನು ನೀರು ಕೊಡಹೋದ. ಅವಳು ತೆಗೆದುಕೊಳ್ಳಲಿಲ್ಲ.

"ನಮ್ಮವ್ವನ ಎಲ್ಲಿ ಇಟ್ರಿ?"

ಅವನು ನಡೆದದ್ದನ್ನು ಹೇಳಿದ. ಅವಳು ಮುಗಿಯುವವರೆಗೆ ಕೇಳಿದಳು. ಅವಳ ಮುಖವನ್ನೇ ನೋಡುತ್ತ ಹೇಳುವಾಗ ಅವನಿಗೆ ಕಷ್ಟವಾಯಿತು. ತಾನು ಒರೆಸಿದ ಕಣ್ಣುಗಳು ಅಲ್ಲಿ ಹಾಗೆಯೇ ಇದ್ದವು. ಮತ್ತೊಂದು ಪಟ ಬರೆಯಲು ತನಗೆ ಏನೂ ಅಡ್ಡಿಯಿಲ್ಲ, ಆದರೆ ಗುತ್ತೆಪ್ಪ ಕಾಕಾ ಹೂಂ ಎನ್ನಬೇಕು ಎಂದ.

"ಅವಂಗ ಹೆಂಡ್ತಿ, ನನಗ ಅವ್ವ," ಎಂದಳು ಕರೆವ್ವ. "ಅವನ ಕಣ್ಣಾಗ ಬರ್ತಾಳೋ ಬಿಡ್ತಾಳೋ ನನಗ ಗೊತ್ತಿಲ್ಲ. ನನ್ನ ಕಣ್ಣಾಗ ಬಂದಿದ್ಲು. ಅದನ್ನ ಕೇಳಾಕ ನಿಮಗ ಯಾರೂ ಸಿಗಲಿಲ್ಲೇನ್ರಿ?"

ಅವಳು ಹೋಗುವಾಗ ಹೊಸ್ತಿಲಲ್ಲಿ ತಿರುಗಿ ನಿಂತಳು. "ಅಮಾಸಿಗೆ ಉಣ್ಣಾಕ ಬರ್ರಿ. ನಾ ಯಾರ ಮುಂದ ಎಡಿ ಇಡಬೇಕೋ, ನೀವ ಬಂದು ತೋರಸ್ರಿ."

ಹೋಗದೆ ಇರಬಹುದಿತ್ತು. ಆದರೆ ಹಬ್ಬದ ದಿನ ಅವನು ಸ್ನಾನ ಮಾಡಿ ತೊಳೆದ ಅಂಗಿ ತೊಟ್ಟು ಅಕ್ಕಿಆಲೂರಿಗೆ ಹೋದ. ಗದ್ದೆಗಳಲ್ಲಿ ಭತ್ತ ಹೊಡೆಗಟ್ಟಿ ನಿಂತಿತ್ತು. ಮನೆ ಸಾರಿಸಿದ ವಾಸನೆ, ಬೇಳೆ ಬೇಯುವ ವಾಸನೆ ಅಂಗಳಕ್ಕೆ ಬರುತ್ತಿತ್ತು. ಜಗಲಿಯ ಮೇಲೆ ತುಂಬಿದ ಕಲಶ, ಅದರ ಪಕ್ಕಕ್ಕೆ ಮಡಿಸಿದ ಹೊಸ ಸೀರೆ, ಹಸಿರು ಬಳೆ ಇಟ್ಟಿದ್ದರು. ಅಡಿವೆವ್ವ ಮುತ್ತೈದೆಯಾಗಿ ಹೋದವಳು. ಹಿಂದೆ ಗೋಡೆಗೆ ಆನಿಸಿ ಆ ಪಟ. ಓಣಿಯವರು ಬಂದು ಅದನ್ನು ನೋಡಿ, ಪರಮೇಶಪ್ಪನನ್ನು ನೋಡಿ, ಏನೂ ಕೇಳದೆ ಕುಳಿತರು. ಮಳೆಗೆ ಸಿಕ್ಕು ಹೀಗಾಯಿತೇ ಎಂದು ಒಬ್ಬಾಕೆ ಮಾತ್ರ ಮೆಲ್ಲಗೆ ಕೇಳಿದಳು. ಮುದಕವ್ವ ಅವಳನ್ನು ಗದರಿಸಿ ಸುಮ್ಮನಾಗಿಸಿದಳು.

ಗುತ್ತೆಪ್ಪ ಮಡಿಯುಟ್ಟು ವಿಭೂತಿ ಧರಿಸಿ ಪೂಜೆಗೆ ಕುಳಿತಿದ್ದ. ಕರೆವ್ವ ಬಾಳೆ ಎಲೆಯಲ್ಲಿ ಹೋಳಿಗೆ, ಕಡಬು, ಪಲ್ಯ ಬಡಿಸಿ ತಂದಿಟ್ಟಳು. ಸೀರೆಗೆ, ಕಲಶಕ್ಕೆ ಅರಿಶಿನ ಕುಂಕುಮ ಏರಿಸಿದಳು. ಅಪ್ಪನ ಕಡೆಗಾಗಲಿ, ಪರಮೇಶಪ್ಪನ ಕಡೆಗಾಗಲಿ ನೋಡಲಿಲ್ಲ. ಉಂಗುರ ಬೆರಳಿನಲ್ಲಿ ಕುಂಕುಮ ತೆಗೆದುಕೊಂಡು ಪಟದ ಕಡೆಗೆ ಕೈ ಚಾಚಿದಳು. ಕೈ ಅಲ್ಲಿಯೇ ನಿಂತಿತು.

ಹಣೆ ಎಲ್ಲಿ ಎಂದು ಅವಳಿಗೆ ತಿಳಿಯಲಿಲ್ಲ. ಬೆರಳು ಸ್ವಲ್ಪ ಮೇಲಕ್ಕೆ ಹೋಯಿತು, ಮತ್ತೆ ಇಳಿಯಿತು. ಹಣೆ ಇದ್ದ ಜಾಗ ಪರಮೇಶಪ್ಪನಿಗೆ ಗೊತ್ತಿತ್ತು. ಬರೆದವನೂ ಒರೆಸಿದವನೂ ಅವನೇ. ಎದ್ದು ತೋರಿಸಬೇಕೆಂದುಕೊಂಡ. ಅಷ್ಟರಲ್ಲಿ ಗುತ್ತೆಪ್ಪ ಕುಳಿತಲ್ಲಿಂದಲೇ ಕೈ ನೀಡಿ ಮಗಳ ಮಣಿಕಟ್ಟು ಹಿಡಿದ. ಎರಡು ಕೈಗಳೂ ಕೂಡಿ ಕೆಳಗಿಳಿದವು. ಪರಮೇಶಪ್ಪ ಹಣೆ ಬರೆದಿದ್ದ ಜಾಗ ದಾಟಿ, ಮೂಗಿದ್ದ ಜಾಗವನ್ನೂ ದಾಟಿ, ಎಡಕ್ಕೆ ಸರಿದು, ಹೆಗಲ ಮೇಲಿನ ಸೆರಗಿನ ಅಂಚಿಗೆ ಬಂದು ನಿಂತವು.

"ಇಲ್ಲೆ," ಎಂದ ಗುತ್ತೆಪ್ಪ.

ಕರೆವ್ವ ಕುಂಕುಮ ಒತ್ತಿದಳು. ಒತ್ತಿದ ಬೆರಳನ್ನು ಕೂಡಲೇ ತೆಗೆಯಲಿಲ್ಲ. ಅವಳ ಹಿಂದೆ ನಿಂತಿದ್ದ ಮುದಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಮೇಲೆ ಎಲ್ಲರಿಗೂ ಎಲೆ ಹಾಕಿದರು. ಪರಮೇಶಪ್ಪನ ಎಲೆಗೂ ಹೋಳಿಗೆ ಬಂತು. ಯಾರೋ ತುಪ್ಪ ಹಾಕಿ ಊಟ ಮಾಡಿರೆಂದರು. ಅವನು ಹೂಂ ಎಂದ. ಅಲ್ಲಿ ಹಣೆ ಇರಲು ಹೇಗೆ ಸಾಧ್ಯ ಎಂದು ಆ ಕೆಂಪು ಬೊಟ್ಟನ್ನೇ ನೋಡುತ್ತ ಕುಳಿತವನ ಕತ್ತು, ಅವನಿಗೆ ಅರಿವಿಲ್ಲದಂತೆ, ಮೆಲ್ಲಗೆ ಎಡ ಹೆಗಲ ಕಡೆಗೆ ಬಾಗುತ್ತಿತ್ತು.