ರಾಮಲಕ್ಷ್ಮಮ್ಮನ ಗಾಳಿ ಮಿಷನ್ನು

“ನಯನಾ, ನಿಮ್ಮಜ್ಜಿ ಇಷ್ಟ್ ವರ್ಷ ರಾಗಿ ತೂರಿರೋದು ಪೊರಕೇಲಂತೆ ಕಣೇ!”

ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಜನರ ನಡುವೆ ನಾಹಿದಾ ಹೀಗೆ ಕೂಗಿಕೊಂಡೇ ಓಡಿ ಬಂದಳು. ಬಿಳಿಗೆರೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನಯನಳ ಬಾಯಿಗೆ ಹೋಗಬೇಕಿದ್ದ ಕಡಲೆಕಾಯಿ ಕೈಯಲ್ಲೇ ಉಳಿಯಿತು.

“ಮೆತ್ತಗೆ ಒದರೇ! ಏನ್ ಪೊರಕೆ? ಯಾವ ಪೊರಕೆ?”

“ಅದೇ ಕಣೇ, ನಿಮ್ಮನೆ ಗಾಳಿ ಮಿಷನ್ನು. ನೀನು ಕಳಿಸಿದ್ದ ವಿಡಿಯೋನ ನಮ್ಮಬ್ಬಂಗೆ ತೋರ್ಸಿದ್ನಾ, ಅವ್ರು ಅದನ್ನ ಹಾಸನದ ರವೀಂದ್ರ ಮೇಷ್ಟ್ರಿಗೆ ಕಳಿಸಿದ್ರು. ಮೇಷ್ಟ್ರು ಫೋನಲ್ಲೇ ಕುಣಿದ್‌ಬುಟ್ರಂತೆ! ಅದು ತೂರೋ ಮಿಷನ್ನೇ ಅಲ್ವಂತೆ. ವ್ಯಾಕ್ಯೂಮ್ ಕ್ಲೀನರ್ ಅಂತೆ! ಮನೆ ಗುಡ್ಸೋದು! ಮುಂದಿನ ಬಾಯಿಗೆ ಪೈಪ್ ಹಾಕಿದ್ರೆ ಕಸ ಎಳ್ಕೊಳ್ತದೆ. ನಿಮ್ಮಜ್ಜಿ ಹಿಂದಿನ ಬಾಯಿಗೆ ಹಾಕ್ಕೊಂಡು ಊರಿಗೆಲ್ಲ ಗಾಳಿ ಬಿಟ್ಟವ್ರೆ!”

ಇಷ್ಟು ಹೇಳಿ ನಾಹಿದಾ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಗು ಸ್ವಲ್ಪ ಇಳಿದ ಮೇಲೆ ಉಳಿದ ಸುದ್ದಿ ಹೊರಬಿತ್ತು. ಹಳೇ ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಹುಡುಕಿ ಕೂಡಿಡುವವರ ಗುಂಪೊಂದಿದೆಯಂತೆ, ಮೇಷ್ಟ್ರೇ ಅದರ ಮುಂದಾಳು. ಅವರ ಮಿಷನ್ನುಗಳ ಸುಟ್ಟ ಮೋಟಾರಿಗೆಲ್ಲ ಹೊಸದಾಗಿ ತಂತಿ ಸುತ್ತಿ ಕೊಡುವವರು ತಿಪಟೂರಿನ ಅಕ್ಬರ್ ಪಾಷಾ, ಅಂದರೆ ನಾಹಿದಾಳ ಅಪ್ಪ. ಹಾಗಾಗಿ ಈ ಸಲದ ಕೂಟವನ್ನು ತಿಪಟೂರಿನಲ್ಲೇ ಇಟ್ಟುಕೊಂಡಿದ್ದಾರೆ, ಬರುವ ಶನಿವಾರ. ನಯನಳ ಅಜ್ಜಿ ರಾಮಲಕ್ಷ್ಮಮ್ಮನೇ ಅದಕ್ಕೆ ಮುಖ್ಯ ಅತಿಥಿ.

“ಹಳೇ ಪೊರಕೆ ಕೂಡಿಡೋರೂ ಇರ್ತಾರೇನೇ?”

“ಸ್ಟ್ಯಾಂಪ್ ಕೂಡಿಡಲ್ವಾ? ಹಂಗೇ.”

ಬೇರೆ ದಿನವಾಗಿದ್ದರೆ ನಯನ ಇಷ್ಟು ಹೊತ್ತಿಗೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಬಿದ್ದು ನಗಬೇಕಿತ್ತು. ಅವಳಿಗೆ ನಗು ಬರಲಿಲ್ಲ. “ಅಜ್ಜಿಗೆ ಗೊತ್ತಾಗ್ಬಾರ್ದು ಕಣೇ,” ಎಂದಳು. “ಗೊತ್ತಾದ್ರೆ ಮಿಷನ್ನು ತಿಪ್ಪೆಗೆ ಹೋಯ್ತದೆ.”

ಬಿಳಿಗೆರೆಯಲ್ಲಿ ಆ ಮಿಷನ್ನನ್ನು ನೋಡದವರಿಲ್ಲ. ಅಡ್ಡ ಮಲಗಿಸಿದ ಹಾಲಿನ ಕ್ಯಾನಿನಂಥ ಆಕಾರ, ಹಸಿರು ಬಣ್ಣ, ಕೆಳಗೆ ಜಾರಿಸಲು ಎರಡು ಪಟ್ಟಿ, ಹಿಂದೊಂದು ಬಾಯಿ, ಮುಂದೊಂದು ಬಾಯಿ. ನಯನ ಹುಟ್ಟುವುದಕ್ಕೆ ಎಷ್ಟೋ ಮೊದಲು, ತಿಪಟೂರಿನಲ್ಲಿ ಬಾಗಿಲು ಹಾಕಿದ ಅಂಗಡಿಯೊಂದರ ಹರಾಜಿನಲ್ಲಿ ಅಜ್ಜ ತಿಮ್ಮಯ್ಯ ಅದನ್ನು ಹಿಡಿದಿದ್ದ. ಏನು ವಸ್ತು ಎಂದು ಹರಾಜು ಕೂಗಿದವನಿಗೂ ಗೊತ್ತಿರಲಿಲ್ಲ. ಸ್ವಿಚ್ ಹಾಕಿದರೆ ಪೈಪಿನಿಂದ ಬುಸ್ಸೆಂದು ಗಾಳಿ ನುಗ್ಗಿ ಎದುರಿಗೆ ನಿಂತಿದ್ದವನ ಟೋಪಿ ಹಾರಿತು. ತಿಮ್ಮಯ್ಯನಿಗೆ ಅಷ್ಟು ಸಾಕಾಯಿತು. ಮನೆ ಮುಂದೆ ಗಾಡಿ ನಿಲ್ಲಿಸಿ, “ಲಕ್ಷ್ಮೀ, ನಿಂಗೆ ಗಾಳಿ ತಂದಿವ್ನಿ, ಬಾರೇ” ಎಂದು ಕೂಗಿದನಂತೆ. ಆ ಮಾತು ಹೇಳುವಾಗ ಅಜ್ಜಿಯ ಮುಖ ಇವತ್ತಿಗೂ ಕೆಂಪಾಗುತ್ತದೆ.

ಅಂದಿನಿಂದ ಬೀಸದ ಗಾಳಿಗೆ ಬಿಳಿಗೆರೆಯವರು ಕಾಯಲಿಲ್ಲ. ರಾಗಿ, ಹುರುಳಿ, ಅವರೆ, ಎಳ್ಳು, ತೂರುವುದೇನಿದ್ದರೂ ಮೂಟೆ ಹೊತ್ತು ರಾಮಲಕ್ಷ್ಮಮ್ಮನ ಕಣಕ್ಕೆ ಬಂದರು. ಅವಳು ಪೈಪನ್ನು ಕಂಬಕ್ಕೆ ಕಟ್ಟುತ್ತಾಳೆ, ಮುಂದಿನ ಬಾಯಿಗೆ ಒಗೆದ ಬಿಳಿ ಪಂಚೆಯ ತುಂಡು ಬಿಗಿಯುತ್ತಾಳೆ. ಹೊಟ್ಟು ಒಳಗೆ ಹೋಗಬಾರದು ನೋಡಿ. ಆಮೇಲೆ ಸ್ವಿಚ್ ಹಾಕಿ ಮೊರ ಎತ್ತುತ್ತಾಳೆ. ಕಾಳು ಕೆಳಗೆ, ಹೊಟ್ಟು ಆಚೆ, ಊರ ಸುದ್ದಿಯೆಲ್ಲ ಅಜ್ಜಿಯ ಕಿವಿಗೆ. ತಿಮ್ಮಯ್ಯ ಹೋದ ಮೇಲೂ ಆ ಮನೆಯ ಅಂಗಳ ಬಿಕೋ ಎನ್ನದಿದ್ದದ್ದು ಈ ಮಿಷನ್ನಿನಿಂದ.

ಆದರೆ ಪೊರಕೆಯ ವಿಷಯದಲ್ಲಿ ಅಜ್ಜಿ ಬಲು ಕಟ್ಟುನಿಟ್ಟು. ಮನೆ ಗುಡಿಸುವ ಪೊರಕೆ ಬಾಗಿಲ ಮೂಲೆಯಲ್ಲಿರಬೇಕು. ಕಣದ ಪೊರಕೆ, ಅಂದರೆ ಕಾಳಿನ ರಾಶಿ ಗುಡಿಸುವುದು, ಎತ್ತರದ ಮೊಳೆಯಲ್ಲಿ ಬೇರೆಯೇ ನೇತಾಡಬೇಕು. ಒಂದನ್ನೊಂದು ಮುಟ್ಟುವಂತಿಲ್ಲ. ಚಿಕ್ಕವಳಿದ್ದಾಗ ನಯನ ತಿಳಿಯದೆ ಕಣದ ಪೊರಕೆಯಲ್ಲಿ ಜಗಲಿ ಗುಡಿಸಿದ್ದಳು. ಅಜ್ಜಿ ಬೈಯಲಿಲ್ಲ, ಹೊಡೆಯಲಿಲ್ಲ. ಆ ಹೊಸ ಪೊರಕೆಯನ್ನು ಸೀದಾ ತಿಪ್ಪೆಗೆ ಎಸೆದು ಬಂದಳು. ಈಗ ಊರಿನವರ ಅನ್ನಕ್ಕೆ, ಆರತಿಯ ತಂಬಿಟ್ಟಿಗೆ ಬಳಸಿದ ಕಾಳನ್ನೆಲ್ಲ ಮನೆ ಗುಡಿಸುವ ಪೊರಕೆಯಿಂದ ತೂರಿದ್ದು ಎಂದು ಗೊತ್ತಾದರೆ?

ಕೂಟಕ್ಕೆ ಹೋಗುವುದೇ ಬೇಡ ಎಂದುಕೊಂಡು ನಯನ ಮನೆ ಮುಟ್ಟುವಷ್ಟರಲ್ಲಿ ಅಜ್ಜಿ ಪೆಟ್ಟಿಗೆ ತೆಗೆದು ರೇಷ್ಮೆ ಸೀರೆಯನ್ನು ಬಿಸಿಲಿಗೆ ಹರವಿದ್ದಳು.

“ಪಾಷಾ ಸಾಹೇಬ್ರು ಫೋನ್ ಮಾಡಿದ್ರು ಕಣವ್ವ. ನಮ್ ಮಿಷನ್ನಿಗೆ ಸನ್ಮಾನವಂತೆ. ಮೈಸೂರಿಂದೆಲ್ಲ ಬತ್ತಾರಂತೆ! ನಿಮ್ಮಜ್ಜ ಇದ್ದಿದ್ರೆ ಪೇಟ ಕಟ್ಟಿಸ್ಕೊಂಡು ಹೊಂಡೋನು.”

ಆ ಮುಖ ನೋಡಿ ಬೇಡ ಎನ್ನುವ ಎದೆ ಯಾರಿಗಿದೆ? ನಯನ ಹಿತ್ತಲಿಗೆ ಹೋಗಿ ನಾಹಿದಾಳಿಗೆ ಮೆಸೇಜ್ ಕುಟ್ಟಿದಳು: ಅಜ್ಜಿಯ ಮುಂದೆ ಯಾರೂ ಕಸ ಅನ್ನಬಾರದು, ಗುಡಿಸೋದು ಅನ್ನಬಾರದು, ಮೇಷ್ಟ್ರಿಗೆ ಹೇಳು. ರವೀಂದ್ರ ಮೇಷ್ಟ್ರು ಹೈಸ್ಕೂಲಿನಲ್ಲಿ ಪಿ.ಟಿ. ಮಾಡಿಸುವವರು. ಗುಂಪಿಗೆ ಕೂಡಲೇ ಅವರ ಆರ್ಡರ್ ಹೊರಟಿತು. ಸಾಲುಸಾಲಾಗಿ ಹೆಬ್ಬೆರಳುಗಳು ಎದ್ದವು.

ಶನಿವಾರ ಕಲ್ಯಾಣ ಮಂಟಪದ ಊಟದ ಹಾಲಿಗೆ ಕಾಲಿಟ್ಟ ನಯನ ತನ್ನ ಚಿಂತೆಯನ್ನೇ ಮರೆತಳು. ಬಾಳೆಲೆ ಹಾಕುವ ಉದ್ದನೆ ಟೇಬಲ್ಲುಗಳ ಮೇಲೆ ಸಾಲಾಗಿ ಮಿಷನ್ನುಗಳು! ಕುಂಬಳಕಾಯಿಯಂತೆ ದುಂಡಗಿರುವುದು, ಕೊಕ್ಕರೆಯಂತೆ ಕತ್ತು ಚಾಚಿದ್ದು, ಬೆನ್ನಿಗೆ ಬಟ್ಟೆಚೀಲ ಕಟ್ಟಿಕೊಂಡು ಸ್ಕೂಲಿಗೆ ಹೊರಟಂತೆ ನಿಂತಿದ್ದು. ಒಡೆಯರು ಅವುಗಳ ಮೈ ಒರೆಸುತ್ತ, “ಇದರ ದನಿ ಕೇಳ್ಬೇಕು ನೀವು, ಏನ್ ಗಾಂಭೀರ್ಯ!” ಎಂದು ಹೆತ್ತ ಮಕ್ಕಳ ಬಗ್ಗೆ ಹೇಳುವಂತೆ ಹೇಳಿಕೊಳ್ಳುತ್ತಿದ್ದರು. ಎಲ್ಲ ಒಟ್ಟಿಗೆ ಶುರುವಾದರೆ ಫ್ಯೂಸ್ ಹಾರುತ್ತದೆಂದು ಮೇಷ್ಟ್ರು ಕೊರಳಿಗೆ ಸೀಟಿ ಹಾಕಿಕೊಂಡೇ ಬಂದಿದ್ದರು. ಅವರು ಪೀ ಎಂದು ಊದಿದರೆ ಒಂದು ಮಿಷನ್ನು ಗುಂಯ್ ಎನ್ನುತ್ತಿತ್ತು. ಇನ್ನೊಮ್ಮೆ ಊದಿದರೆ ಅದು ನಿಂತು ಪಕ್ಕದ್ದು ಶುರುವಾಗುತ್ತಿತ್ತು.

ಅಜ್ಜಿಯ ಹಸಿರು ಮಿಷನ್ನು ಹಣೆಗೆ ಕುಂಕುಮ ಇಟ್ಟುಕೊಂಡು, ನೆತ್ತಿಗೆ ಸೇವಂತಿಗೆ ಮುಡಿದು ಬಂದಿತ್ತು. ಅದನ್ನು ಕಂಡವರೆಲ್ಲ ಬಂದು ಸುತ್ತುವರಿದರು.

“ಅಮ್ಮಾರೆ, ಈ ಮಾಡೆಲ್‌ನ ನಾನು ಬರೀ ಫೋಟೋದಲ್ಲಿ ನೋಡಿದ್ದೆ,” ಎಂದರು ಮೇಷ್ಟ್ರು. “ಒಂದ್ಸಲ ಮುಟ್ಲಾ?”

“ಮುಟ್ಟಿ ಮೇಷ್ಟ್ರೆ, ಕಚ್ಚಾಕಿಲ್ಲ,” ಎಂದಳು ಅಜ್ಜಿ. ಗೋಡೆಯ ಬ್ಯಾನರಿನತ್ತ ಕಣ್ಣು ಕಿರಿದು ಮಾಡಿ, “ಅದೇನವ್ವ ಬರೆದವ್ರೆ?” ಎಂದಳು.

“ಹಳೇ ಮಿಷನ್ ಸಂಘ ಅಂತ, ಅಜ್ಜಿ.” ನಯನ ಬ್ಯಾನರಿಗೆ ಅಡ್ಡ ನಿಂತಳು.

ಎಲ್ಲ ಸರಿಯಾಗಿಯೇ ಸಾಗುತ್ತಿತ್ತು. ಆದರೆ ಮೈಸೂರಿನಿಂದ ಸಿಂಧು ಎನ್ನುವ ಹಲ್ಲಿನ ಡಾಕ್ಟರು ತಡವಾಗಿ ಬಂದರು. ರೋಗಿಗಳ ಹಲ್ಲಿನ ನಡುವೆ ಅವರು ಮೇಷ್ಟ್ರ ಆರ್ಡರನ್ನು ನೋಡಿಯೇ ಇರಲಿಲ್ಲ. ಬಂದವರೇ ತಮ್ಮ ಕೆಂಪು ಮಿಷನ್ನನ್ನು ಇಳಿಸಿ, ಜಮಖಾನೆ ಹಾಸಿ, ಅದರ ಮೇಲೆ ಒಂದು ಬುಟ್ಟಿ ತೆಂಗಿನ ನಾರಿನ ಪುಡಿಯನ್ನು ಸುರಿದೇ ಬಿಟ್ಟರು.

“ತಿಪಟೂರಿಗೆ ಬಂದು ನಾರಿನ ಕಸ ತಿನ್ನಿಸ್ಲಿಲ್ಲ ಅಂದ್ರೆ ಹೆಂಗೆ? ಎಲ್ಲಾ ನೋಡಿ, ಇದರಂಥ ಪೊರಕೆ ಇನ್ನೊಂದಿಲ್ಲ!”

ಮೇಷ್ಟ್ರು ಪೀ ಪೀ ಪೀ ಎಂದು ಊದಿದರು. ಡಾಕ್ಟರು ಅದನ್ನು ಶುರುಮಾಡುವ ಸೀಟಿ ಎಂದುಕೊಂಡು ಸ್ವಿಚ್ ಹಾಕಿದರು. ಕೆಂಪು ಮಿಷನ್ನು ನಾರಿನ ಪುಡಿಯನ್ನೆಲ್ಲ ಸೊರಸೊರ ಎಳೆದುಕೊಂಡಿತು. ಜಮಖಾನೆ ಲಕಲಕ ಹೊಳೆಯಿತು. ಚಪ್ಪಾಳೆ ಹೊಡೆಯಲು ಯಾರಿಗೂ ಧೈರ್ಯ ಬರಲಿಲ್ಲ.

ಅಜ್ಜಿ ಆ ಕೆಂಪು ಮಿಷನ್ನನ್ನು ನೋಡಿದಳು. ಅದರ ಹಿಂದೊಂದು ಬಾಯಿ, ಮುಂದೊಂದು ಬಾಯಿ. ತನ್ನ ಹಸಿರು ಮಿಷನ್ನನ್ನು ನೋಡಿದಳು. ಆಮೇಲೆ ನಯನಳನ್ನು.

“ಇವೆಲ್ಲಾ ಪೊರಕೆನೇನೆ?”

“ಅಜ್ಜೀ...”

“ನಂದೂ?”

ನಯನ ತಲೆ ತಗ್ಗಿಸಿದಳು. ನಾಹಿದಾ ಬಂದು ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮೊಣಕಾಲು ಹಿಡಿದುಕೊಂಡಳು. ಏನಾಯಿತೆಂದು ಮೇಷ್ಟ್ರು ಪಿಸುದನಿಯಲ್ಲಿ ವಿವರಿಸಿದಾಗ ಡಾಕ್ಟರು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು.

“ತಂಬಿಟ್ಟಿನ ಅಕ್ಕೀನೂ ಇದ್ರಲ್ಲೇ ತೂರಿದ್ದೆ,” ಎಂದಳು ಅಜ್ಜಿ ಯಾರಿಗೋ ಹೇಳುವಂತೆ. “ಬಾಣಂತೀರು ಉಂಡವ್ರೆ, ಕೂಸ್ಗಳು ಉಂಡವೆ. ನಮ್ಮನೆಗೆ ಬರೋಕ್ ಮುಂಚೆ ಯಾರ ಮನೆ ಬಚ್ಚಲು ಗುಡ್ಸಿತ್ತೋ ಏನೋ.” ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಮೇಷ್ಟ್ರೆ, ಇದು ತಿಂದ ಕಸ ಎಲ್ಲಿ ಹೋಯ್ತದೆ?”

“ಒಳಗೆ ಒಂದು ಬಟ್ಟೆಚೀಲ ಇರ್ತದೆ ಅಮ್ಮಾರೆ. ಅದ್ರಲ್ಲಿ ಕೂತ್ಕೊಳ್ತದೆ. ಒಂದ್ಸಲ ಕಸ ಕುಡಿದ ಚೀಲ ಎಷ್ಟ್ ಒಗೆದ್ರೂ ಮೊದಲ್ನಂಗೆ ಆಗಲ್ಲ.”

“ಬಿಚ್ಚಿ. ನಾನು ನೋಡ್ಬೇಕು.”

“ಬೇಡ ಅಜ್ಜಿ, ಮನೆಗೆ ಹೋಗಾನ ಬಾ,” ಎಂದಳು ನಯನ. ಒಳಗೆ ಯಾರದೋ ಮನೆಯ ಕೂದಲು, ಕರಿ ಧೂಳು ಕಂಡರೆ ಅಲ್ಲಿಗೆ ಮುಗಿಯಿತು. ನಾಳೆಯಿಂದ ಕಣ ಖಾಲಿ, ಅಂಗಳ ಖಾಲಿ, ಮೊರ ಹಿಡಿದು ಸುದ್ದಿ ಕೇಳುವ ಅಜ್ಜಿಯೂ ಇರುವುದಿಲ್ಲ.

“ನೀನ್ ಸುಮ್ಕಿರು. ಬಿಚ್ಚಿ ಮೇಷ್ಟ್ರೆ.”

ಮೇಷ್ಟ್ರು ಪಂಚೆಯ ತುಂಡನ್ನು ಬಿಚ್ಚಿ ಪಕ್ಕಕ್ಕಿಟ್ಟರು. ಮುಂದಿನ ಮುಚ್ಚಳದ ಕೊಂಡಿಗಳನ್ನು ಯಾರೂ ಎಂದೂ ತೆಗೆದಿರಲಿಲ್ಲ, ಬಣ್ಣ ಮೆತ್ತಿಕೊಂಡು ಬಿಗಿದಿದ್ದವು. ಯಾರೋ ಕೊಬ್ಬರಿ ಎಣ್ಣೆಯ ಬಾಟಲಿ ಕೊಟ್ಟರು. ಎರಡು ತೊಟ್ಟು ಬಿಟ್ಟು ಒತ್ತಿದರೆ ಟಕ್ ಎಂದಿತು. ಇಡೀ ಹಾಲು ಕತ್ತು ಚಾಚಿತು. ಮೇಷ್ಟ್ರು ಎರಡು ಬೆರಳಲ್ಲಿ ಚೀಲವನ್ನು ಮೆಲ್ಲಗೆ ಎಳೆದರು.

ಬೆಳ್ಳಗಿತ್ತು! ಮಗುವಿನ ಕುಲಾವಿಯಂತೆ ಬೆಳ್ಳಗಿತ್ತು. ಅಂಗಡಿಯಲ್ಲಿ ಇಟ್ಟಾಗ ಹೊಲಿದಿದ್ದ ಕಾಗದದ ಚೀಟಿ ಇನ್ನೂ ಅದರ ಅಂಚಿನಲ್ಲಿ ತೂಗುತ್ತಿತ್ತು.

“ಚೀಟೀನೂ ಕಿತ್ತಿಲ್ಲ!” ಮೇಷ್ಟ್ರು ಚೀಲವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. “ಇದು ಯಾರ ಮನೇನೂ ಗುಡ್ಸಿಲ್ಲ ಅಮ್ಮಾರೆ. ಅಂಗಡಿಯಿಂದ ನೇರ ನಿಮ್ಮನೆಗೇ ಬಂದೈತೆ. ನೀವು ಪಂಚೆ ಕಟ್ಟಿದ್ರಿಂದ ಆಮೇಲೂ ಏನೂ ಒಳಕ್ಕೆ ಹೋಗಿಲ್ಲ. ಇಷ್ಟ್ ವರ್ಷಕ್ಕೆ ಒಂದ್ ಚಿಟಿಕೆ ಕಸಾನೂ ಮುಟ್ಟಿಲ್ಲ!”

ಅಜ್ಜಿ ಚೀಲವನ್ನು ಕೈಗೆ ತೆಗೆದುಕೊಂಡಳು. ಬೆಳಕಿಗೆ ಹಿಡಿದಳು, ತಿರುಗಿಸಿದಳು, ಮೂಸಿಯೂ ನೋಡಿದಳು.

“ಕಸ ಮುಟ್ಟಿಲ್ಲ. ಕಾಳಿನ ಕೆಲ್ಸ ಬಿಟ್ಟು ಬೇರೆ ಮಾಡಿಲ್ಲ,” ಎಂದಳು ಕೊನೆಗೆ. “ಹಂಗಾದ್ರೆ ಇದು ಕಣದ ಪೊರಕೆ ಕಣ್ರಪ್ಪ! ಮನೆ ಪೊರಕೆ ಅಂದೋರ್ಯಾರು?”

ಆಗ ಬಿತ್ತು ನೋಡಿ ಚಪ್ಪಾಳೆ. ಮೇಷ್ಟ್ರು ಸೀಟಿ ಊದಿದ್ದೇ ತಪ್ಪಾಯಿತು, ಖುಷಿಯಲ್ಲಿ ಎಲ್ಲರೂ ಒಟ್ಟಿಗೆ ಸ್ವಿಚ್ ಒತ್ತಿ ಫ್ಯೂಸ್ ಹಾರಿ ಫ್ಯಾನೆಲ್ಲ ನಿಂತವು. ನಯನ ನಗುತ್ತ, ಮೂಗು ಒರೆಸುತ್ತ, ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು.

“ಬುಡೇ, ಸೀರೆ ಮುದುರ್ತದೆ! ನೀನೂ ಒಬ್ಳು, ಮದ್ಲೇ ಹೇಳಿದ್ರೆ ಮದ್ಲೇ ಬಿಚ್ಚಿಸ್ತಿದ್ದೆ.”

ಡಾಕ್ಟರು ಹತ್ತಿರ ಬಂದು ಕೈ ಮುಗಿದರು. “ತಪ್ಪಾಯ್ತು ಅಜ್ಜಿ. ನಂಗೆ ಗೊತ್ತಿರ್ಲಿಲ್ಲ.”

“ಹಲ್ ಡಾಕ್ಟ್ರೇನವ್ವ ನೀನು? ಅಲ್ಲೂ ಎಳೆಯೋದು, ಇಲ್ಲೂ ಎಳೆಯೋದು!” ಅಜ್ಜಿ ಅವರ ಕೆನ್ನೆ ತಟ್ಟಿದಳು. “ಚೆನ್ನಾಗೆ ಎಳೀತದೆ ಬುಡು ನಿನ್ ಮಿಷನ್ನು. ನಾರಿನ ಧೂಳು ಎಷ್ಟ್ ಕೊಟ್ರೂ ತಿಂತದಾ?”

“ಎಷ್ಟ್ ಬೇಕಾದ್ರೂ.”

ಅಜ್ಜಿಯ ಕಣ್ಣು ಟೇಬಲ್ಲಿನ ಈ ತುದಿಯಿಂದ ಆ ತುದಿಯವರೆಗೆ ಓಡಿತು. ಕುಂಬಳಕಾಯಿ, ಕೊಕ್ಕರೆ, ಚೀಲ ಹೊತ್ತಿದ್ದು, ಯಾವುದನ್ನೂ ಬಿಡಲಿಲ್ಲ. ಆ ನೋಟದ ಅರ್ಥ ನಯನಳಿಗೆ ಗೊತ್ತು. ಮನೆಯಲ್ಲಿ ಹೋದ ವರ್ಷದ ಕೊಬ್ಬರಿಯೆಲ್ಲ ಇಳಿಸಿ ಅಟ್ಟ ಖಾಲಿ ಬಿದ್ದಿತ್ತು. ಹೊಸ ಕಾಯಿ ಏರಿಸುವ ಮುನ್ನ ಅಲ್ಲಿನ ನಾರಿನ ಧೂಳು ತೆಗೆಯಬೇಕು, ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಆಳುಗಳು ಸೀನಿ ಸೀನಿ ಓಡಿಹೋಗುತ್ತಿದ್ದರು.

“ಮೇಷ್ಟ್ರೆ, ನಾಳೆ ಭಾನುವಾರ, ನಿಮ್ಗೂ ರಜ. ಹುರುಳಿ ತೂರೋದೈತೆ, ನನ್ ಮಿಷನ್ನು ಹೆಂಗೆ ಕೆಲ್ಸ ಮಾಡ್ತದೆ ನೋಡೋರಂತೆ ಬನ್ನಿ. ಎಲ್ರೂ ಬರ್ಬೇಕು, ಮಿಷನ್ ಸಮೇತ.”

“ನಮ್ ಮಿಷನ್ನುಗಳ್ನೂ ಕಣಕ್ಕೆ ತರ್ಬೋದಾ ಅಮ್ಮಾರೆ?” ಮೇಷ್ಟ್ರಿಗೆ ನಂಬಲಾಗಲಿಲ್ಲ.

“ಅಯ್ಯೋ, ಕಣಕ್ಕಲ್ಲಪ್ಪ! ಕಸ ತಿಂದವು ಕಣ ಮೆಟ್ಟಂಗಿಲ್ಲ. ಅವೆಲ್ಲ ಸೀದಾ ಅಟ್ಟ ಹತ್ಲಿ. ಕೆಳಗೆ ನಂದೊಂದೇ.”

ನಾಹಿದಾ ನಗು ತಡೆಯಲಾರದೆ ನಯನಳ ಭುಜಕ್ಕೆ ಒರಗಿದಳು. “ನಾನು ಅಬ್ಬನ್ನೂ ಕರ್ಕೊಂಡ್ ಬತ್ತೀನಿ ಅಜ್ಜಿ, ದಪ್ಪ ವೈರ್ ಎಳ್ದು ಕೊಡ್ತಾರೆ. ಇಲ್ದಿದ್ರೆ ಬಿಳಿಗೆರೆ ಫ್ಯೂಸೆಲ್ಲಾ ಹಾರೋಯ್ತದೆ.”

ಆಟೋದಲ್ಲಿ ಹಸಿರು ಮಿಷನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಅಜ್ಜಿ ಹೊರಗೆ ತಲೆ ಹಾಕಿ ಕೂಗಿದಳು:

“ಬಿಸಿಲೇರೋಕ್ ಮುಂಚೆ ಬಂದ್‌ಬುಡಿ. ಮುದ್ದೆ, ಹುರುಳಿಕಾಳು ಬಸ್ಸಾರು ಮಾಡಿರ್ತೀನಿ. ಡಾಕ್ಟ್ರವ್ವ, ನೀನು ಆ ಕೆಂಪಿ ಮರೀಬೇಡ!”