ಒಂದು ಸಲ ಒತ್ತಿದರೆ ಸಾಕು

ಎಲುಬಿಲ್ಲದ ನಾಲಿಗೆ ಎಲ್ಲರಿಗೂ ಇದೆ; ಈ ತಂಗಿಯದಕ್ಕೆ ಅಲಗೂ ಇತ್ತು. ಕೋಲ್ಡ್ ಸ್ಟೋರೇಜಿನ ಮೇಲ್ಮಹಡಿಯಲ್ಲಿ ಅವಳ ಕುರ್ಚಿ. ಕೆಳಗೆ ಯಾವ ಬಾಗಿಲು ತೆರೆದರೂ, ಯಾವ ಗುಂಡಿ ಒತ್ತಿದರೂ ಕಂಪ್ಯೂಟರಿನ ಲಾಗ್ ಎಂಬ ದಾಖಲೆಯಲ್ಲಿ ಒಂದು ಸಾಲು ಬೀಳುತ್ತಿತ್ತು. ದಿನಕ್ಕೆ ಲಕ್ಷಗಟ್ಟಲೆ ಸಾಲು. ಅದರ ಜೊಳ್ಳು ತೂರಿ, ಕಾಳನ್ನು ಮಾತ್ರ ಅಲರ್ಟ್ ಮಾಡಿ ಗೋಡೆಯ ಮಾನಿಟರಿಗೆ ಕಳಿಸುವ ಪ್ರೋಗ್ರಾಮ್ ಅವಳದು.

ಕೆಳಗೆ ಪೆಟ್ಟಿಗೆ ಹೊರುವವನು ಅವಳ ಒಡಹುಟ್ಟಿದ ಅಣ್ಣ. ಕೆಲಸ ಕೊಡಿಸಿದವಳೂ ಅವಳೇ, ಅದಕ್ಕೆ ನಾಚಿಕೊಳ್ಳುತ್ತಿದ್ದವಳೂ ಅವಳೇ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯ ಮೂರನೇ ಕೋಣೆಯಲ್ಲಿ ಬಾಗಿಲಿನ ಒಳಗಿನ ಹಿಡಿ ಆಗಾಗ ಹೆಪ್ಪುಗಟ್ಟಿ ಬಿಗಿಯುತ್ತಿತ್ತು. ಗೇಣುದಪ್ಪದ ಬಾಗಿಲು, ಕೂಗಿದರೆ ಹೊರಗೆ ಕೇಳದು. ಆಗೆಲ್ಲ ಅವನು ಒಳಗೋಡೆಯ ತುರ್ತು ಗುಂಡಿಯನ್ನು ಟಕಟಕ ಒತ್ತುತ್ತಿದ್ದ, ಮೇಲೆ ಮಾನಿಟರು ಕೆಂಪಾಗಿ ಅರಚುತ್ತಿತ್ತು. ಆಫೀಸಿನವರು ಅವನಿಗೆ ಗಂಟೆರಾಯ ಎಂದು ಹೆಸರಿಟ್ಟರು.

ಸೋಮವಾರ ಅವಳು ಎಲ್ಲರೆದುರು ಅವನನ್ನು ಕರೆಸಿದಳು.

"ಏನಣ್ಣಾ, ಅದೇನು ಮಕ್ಕಳ ಪೀಪಿನಾ? ಒಂದು ಸಲ ಒತ್ತಿದ್ರೆ ಸಾಕು. ಇಲ್ಲಿರೋರು ಕಿವುಡರಲ್ಲ. ಒತ್ತು, ಬಾಯಿ ಮುಚ್ಕೊಂಡು ಅರ್ಧ ಗಂಟೆ ಕಾಯಿ. ಬರ್ತಾರೆ."

"ಆಯ್ತಮ್ಮ. ಆ ಹಿಡಿ ಸ್ವಲ್ಪ ಬಿಗಿ..."

"ಹಿಡಿ ಬಿಗಿಯಾಗೇ ಇರ್ಲಿ. ಸಡಿಲ ಆಗಿರೋದು ನಿನ್ನ ಧೈರ್ಯ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಪಾಪ, ಅವನೂ ನಕ್ಕ.

ಬುಧವಾರ ಬೆಳಿಗ್ಗೆ ಮ್ಯಾನೇಜರ್ ಗೊಣಗಿದರು: ಪೆಟ್ಟಿಗೆ ಗುಂಡಿಗೆ ತಾಗಿದರೂ ಅಲರ್ಟ್ ಬರುತ್ತದೆ. ಅವಳು ಹೊಸ ರೂಲ್ ಬರೆದಳು. ಒಂದು ನಿಮಿಷದಲ್ಲಿ ಮೂರು ಸಲ ಒತ್ತಿದರೆ ಮಾತ್ರ ಅಲರ್ಟ್. ಒಂದೇ ಸಲ ಒತ್ತಿದ್ದು ಜೊಳ್ಳು. ಕೆಳಗಿನವರಿಗೆ ಹೇಳಬೇಕಿತ್ತು. ಊಟಕ್ಕೆ ಅಣ್ಣ ಬರುತ್ತಾನಲ್ಲ, ಆಗ ಹೇಳಿದರಾಯಿತು ಅಂದುಕೊಂಡಳು.

ಅಣ್ಣ ಊಟಕ್ಕೆ ಬರಲಿಲ್ಲ. "ಗಂಟೆರಾಯರು ಎಲ್ಲೋ ಮುಖ ಊದಿಸ್ಕೊಂಡು ಕೂತಿದಾರೆ" ಎಂದು ಅವನ ಡಬ್ಬಿಯನ್ನು ಪಕ್ಕದವರಿಗೆ ಹಂಚಿದಳು. ಮಾನಿಟರು ಹಸಿರಾಗಿಯೇ ಇತ್ತು. ಇಂಥ ನೆಮ್ಮದಿಯ ಮಧ್ಯಾಹ್ನ ಕಂಡೇ ಇರಲಿಲ್ಲ ಎಂದು ಮ್ಯಾನೇಜರ್ ಹೊಗಳಿದರು.

ಐದು ಗಂಟೆಗೆ ಲಾರಿ ಬಂದಾಗ ಮೂರನೇ ಕೋಣೆ ತೆರೆದರು. ಅವನು ಗುಂಡಿಯ ಕೆಳಗೆ ಮೊಣಕಾಲು ಮಡಚಿ ಕೂತಿದ್ದ. ಕೂತಲ್ಲೇ ಸೆಟೆದುಹೋಗಿದ್ದ.

ಅವಳು ಮೇಲೆ ಓಡಿ ಲಾಗ್ ತೆರೆದಳು. ಗುಂಡಿ ಒತ್ತಲು ಮರೆತಿರಲಿ, ದೇವರೇ, ಮರೆತಿರಲಿ ಎಂದು ಬೇಡಿಕೊಂಡಳು.

ಹನ್ನೊಂದು ಹತ್ತಕ್ಕೆ ಒಂದು ಸಲ, ಜೊಳ್ಳು. ಹನ್ನೊಂದು ನಲವತ್ತಕ್ಕೆ ಒಂದು ಸಲ, ಜೊಳ್ಳು. ಹನ್ನೆರಡು ಹತ್ತು. ಹನ್ನೆರಡು ನಲವತ್ತು. ಒಂದು ಹತ್ತು; ಅವನ ಡಬ್ಬಿ ಹಂಚಿದ ಹೊತ್ತು ಅದು. ಕೈಗಡಿಯಾರ ನೋಡಿಕೊಂಡೇ ಒತ್ತಿದ್ದ. ತಂಗಿ ಹಾಕಿದ ಗೆರೆ ಎಂದೂ ದಾಟಿದವನಲ್ಲ. ಎರಡು ನಲವತ್ತರ ನಂತರ ಆ ಗುಂಡಿಯ ಸಾಲುಗಳಿರಲಿಲ್ಲ.

ಹಿಂದೆ ನಿಂತು ಓದುತ್ತಿದ್ದ ಮ್ಯಾನೇಜರ್ ನಿಟ್ಟುಸಿರು ಬಿಟ್ಟರು.

"ರೂಲ್ ಸರಿಯಾಗೇ ಕೆಲಸ ಮಾಡಿದೆ ಕಣಮ್ಮ. ಯಾರಾದ್ರೂ ಕೇಳಿದ್ರೆ ಅಷ್ಟೇ ಹೇಳು."